ಕೊನೆಯ ಟ್ಯೂಬು

ಜನವರಿ 18

ರೀ,

ಸುಖವಾಗಿ ತಲುಪಿದೆ ಎಂದು ಬರೆಯಬೇಕು, ಬರೆದಿದ್ದೇನೆ. ಆಸ್ಪತ್ರೆಯ ವ್ಯಾನಿನ ಡ್ರೈವರು ದಾರಿಯುದ್ದಕ್ಕೂ ತಲೆಯನ್ನು ಕಿಟಕಿಯಿಂದ ಆಚೆಗೆ ಇಟ್ಟುಕೊಂಡೇ ಓಡಿಸಿದ. ನಾನು ಕೆಮ್ಮಿದಾಗಲೆಲ್ಲ ಗಾಡಿ ಇನ್ನಷ್ಟು ಜೋರಾಗಿ ಓಡುತ್ತಿತ್ತು, ಆದ್ದರಿಂದ ಬೇಗನೇ ಬಂದು ಮುಟ್ಟಿದೆವು.

ಉದ್ದನೆಯ ಕೋಣೆ, ಆರು ಮಂಚ. ಕಿಟಕಿಗಳನ್ನು ಮುಚ್ಚುವ ಮಾತೇ ಇಲ್ಲ. ಚಳಿ ಎಂದರೆ ಇನ್ನೊಂದು ಕಂಬಳಿ ಕೊಡುತ್ತಾರೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಇಲ್ಲಿರುವವರೆಲ್ಲ ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯದವರು, ನನ್ನ ಹಾಗೆ. ಫೋನು ಒಂದೇ ಒಂದು, ನರ್ಸಮ್ಮನ ಮೇಜಿನ ಮೇಲೆ. ಅಲ್ಲಿ ಮಾತಾಡಿದರೆ ಇಡೀ ವಾರ್ಡು ಕಿವಿ ನಿಮಿರಿಸುತ್ತದೆ. ಗಂಡನ ಹತ್ತಿರ ಜಗಳವಾಡಲು ಅದು ಜಾಗವಲ್ಲ, ಅದಕ್ಕೇ ಕಾಗದ.

ಪಕ್ಕದ ಮಂಚದವಳು ದರ್ಜಿ. ಎಲ್ಲರೂ ಹೊಲಿಗೆಯಕ್ಕ ಅನ್ನುತ್ತಾರೆ. ಬಂದ ದಿನವೇ ನನ್ನ ಅಂಗಿಯ ತೋಳು ಹಿಡಿದು ನೋಡಿ, "ಯಾರ್ರೀ ಇದನ್ನ ಹೊಲಿದಿದ್ದು, ನಿಮಗಾಗದವರಾ?" ಎಂದಳು. ನಾನು, ನನ್ನ ಗಂಡ ಇಬ್ಬರೂ ಕ್ಷಯದ ಲ್ಯಾಬಿನಲ್ಲೇ ಕೆಲಸ ಮಾಡುವವರು, ನನ್ನ ಕಫ ಪರೀಕ್ಷೆ ಮಾಡಿ ನನ್ನನ್ನು ಇಲ್ಲಿಗೆ ಕಳಿಸಿದವರು ಅವರೇ ಅಂದದ್ದಕ್ಕೆ ವಾರ್ಡೆಲ್ಲ ನಕ್ಕಿತು. "ಹೆಂಡ್ತೀನ ಮನೆಯಿಂದಾಚೆ ಹಾಕೋಕೆ ಎಂಥಾ ಉಪಾಯ ನೋಡು!"

ಔಷಧ ಹಿಡಿಯುತ್ತದೋ ಇಲ್ಲವೋ ಹೇಗೆ ತಿಳಿಯುತ್ತದೆ ಎಂದು ಅವಳು ಕೇಳಿದಳು. ಹೇಳಿದೆ: ಮೊಟ್ಟೆ ಒಡೆದು, ಹಸಿರು ಬಣ್ಣ ಬೆರೆಸಿ, ಟ್ಯೂಬುಗಳನ್ನು ಓರೆಯಾಗಿ ಮಲಗಿಸಿ ಬೇಯಿಸಿ ಗಟ್ಟಿ ಮಾಡುತ್ತೇವೆ. ಅದು ರೋಗಾಣುವಿನ ಊಟ. ಒಂದೊಂದು ಟ್ಯೂಬಿಗೂ ಒಂದೊಂದು ಔಷಧ ಬೆರೆಸಿರುತ್ತೇವೆ. ರೋಗಿಯಿಂದ ಬಂದ ರೋಗಾಣುವನ್ನು ಎಲ್ಲದಕ್ಕೂ ಹಚ್ಚಿ ವಾರಗಟ್ಟಲೆ ಕಾಯುತ್ತೇವೆ. ಯಾವುದರಲ್ಲಿ ಬೆಳೆಯುವುದಿಲ್ಲವೋ ಆ ಔಷಧ ಹಿಡಿಯುತ್ತದೆ ಎಂದರ್ಥ. ಸಾಲಿನ ಕೊನೆಗೆ ಇನ್ನೊಂದು ಟ್ಯೂಬು. ಅದರಲ್ಲಿ ಔಷಧವಿಲ್ಲ, ಬೇರೊಂದು ರಾಸಾಯನಿಕ. ಕ್ಷಯದ ರೋಗಾಣು ಅದರಲ್ಲಿ ಕಾಲೂರುವುದಿಲ್ಲ, ಅದರ ದಾಯಾದಿಗಳು ಮಾತ್ರ ಬೆಳೆಯುತ್ತವೆ.

"ರೋಗಕ್ಕೂ ದಾಯಾದಿಗಳಾ?"

"ಹೂಂ. ನೋಡೋಕೆ ಥೇಟ್ ಇದರ ಹಾಗೇ. ಕೆಮ್ಮೂ ಬರುತ್ತೆ, ಎಷ್ಟೋ ಔಷಧಕ್ಕೆ ಬಗ್ಗೋದೂ ಇಲ್ಲ. ಆದ್ರೆ ನೀರಲ್ಲಿ, ಮಣ್ಣಲ್ಲಿ ಇರೋವು ಅವು. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ."

"ನಮ್ಮನೆ ದಾಯಾದಿಗಳಿಗಿಂತ ವಾಸಿ ಬಿಡಿ," ಎಂದಳು.

ಅಂದ ಹಾಗೆ, ಆ ಕೊನೆಯ ಟ್ಯೂಬುಗಳನ್ನು ಮಾಡುತ್ತಿದ್ದವಳು ನಾನು. ನಾನು ಹಾಸಿಗೆ ಹಿಡಿಯುವಷ್ಟರಲ್ಲಿ ದಾಸ್ತಾನು ಮುಗಿದಿತ್ತು. ನನ್ನ ಸಾಲಿಗೆ ಎಲ್ಲಿಂದ ತಂದಿರಿ?

ಕಫ ಶುದ್ಧವಾಗುವವರೆಗೂ ಮಕ್ಕಳನ್ನು ಗೇಟಿನ ಒಳಕ್ಕೇ ಬಿಡುವುದಿಲ್ಲವಂತೆ. ಚೂಟಿ ನಿಮ್ಮ ತಂಗಿಯ ಮನೆಯಲ್ಲಿ ಹಟ ಮಾಡಿದರೆ ಬೈಯಬೇಡಿ ಎಂದು ನಾದಿನಿಗೆ ಹೇಳಿ. ನಾನು ಮಾತ್ರೆ ನುಂಗುವುದು ಅವಳ ಮುಖ ನೋಡಲಿಕ್ಕೆ, ಇನ್ನು ಯಾವುದಕ್ಕೂ ಅಲ್ಲ. ನೀವು ಎರಡನೆಯ ಸ್ಥಾನದಲ್ಲಿದ್ದೀರಿ, ಬೇಜಾರು ಬೇಡ.

ನಿಮ್ಮವಳು


ಫೆಬ್ರವರಿ 2

ಮೊಟ್ಟೆರಾಣಿಗೆ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಮನೆ ಇನ್ನೂ ಖಾಲಿ ಎನಿಸಿತು. ಹಾಲು ಉಕ್ಕಿಸದೆ ಕಾಯಿಸುವುದು ಒಂದು ವಿದ್ಯೆ ಎಂದು ಈಗ ಒಪ್ಪಿದ್ದೇನೆ. ಒಲೆಯ ಮೇಲಿನ ಕರೆಯನ್ನು ನೀನು ಬರುವಷ್ಟರಲ್ಲಿ ಉಜ್ಜಿ ತೆಗೆಯುತ್ತೇನೆ.

ಚೂಟಿ ಚೆನ್ನಾಗಿದ್ದಾಳೆ. ಅಕ್ಷರ ಕೂಡಿಸಿ ಓದಲು ಶುರುಮಾಡಿದ್ದಾಳೆ. ಅಂಗಡಿಯ ಬೋರ್ಡುಗಳನ್ನೆಲ್ಲ ಓದುತ್ತಾ ನಡೆಯುವುದರಿಂದ ಶಾಲೆಗೆ ದಿನವೂ ತಡ. "ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳುತ್ತಾಳೆ. "ಟ್ಯೂಬು ಖಾಲಿ ಆದ ಮೇಲೆ" ಎಂದಿದ್ದೇನೆ. ಅರ್ಥವಾದವಳ ಹಾಗೆ ತಲೆ ಆಡಿಸಿದಳು.

ಈಗ ಕೆಲಸದ ಮಾತು. ನಿನ್ನ ರೋಗಾಣು ಲ್ಯಾಬಿನಲ್ಲಿ ದೊಡ್ಡ ಮನುಷ್ಯನಾಗಿದೆ. ಇರುವ ಔಷಧಗಳೆಲ್ಲದರ ಟ್ಯೂಬಿನಲ್ಲೂ ಬೆಳೆದಿದೆ, ಸೂಜಿಮದ್ದಿನದರಲ್ಲಿ ಮಾತ್ರ ಬೆಳೆ ತೆಳ್ಳಗಿದೆ. ನಮ್ಮ ಲ್ಯಾಬಿನ ಸಾಹೇಬರು ಇಷ್ಟು ವರ್ಷದಿಂದ ಪರೀಕ್ಷಿಸುತ್ತಿರುವ ಹೊಸ ಔಷಧ ಇದೆಯಲ್ಲ, ಅದರ ಟ್ಯೂಬಿನಲ್ಲಿ ಹಚ್ಚಿ ನೋಡಿದೆ. ಒಂದು ಚುಕ್ಕೆಯೂ ಇಲ್ಲ, ಬರಿದೋ ಬರಿದು! ಸಾಹೇಬರು ನನ್ನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನಾದರೂ ತಟ್ಟಿದ್ದನ್ನು ನೀನು ನೋಡಿದ್ದೀಯಾ?

ಆ ಔಷಧವನ್ನು ನಿಮ್ಮ ವಾರ್ಡಿಗೆ ಕಳಿಸುತ್ತಿದ್ದಾರೆ. ಒಂದೇ ಔಷಧವನ್ನು ಒಂಟಿಯಾಗಿ ಕೊಡಬಾರದು ಎನ್ನುವುದು ನಿನಗೆ ಗೊತ್ತೇ ಇದೆ, ಅದಕ್ಕೆ ಜೊತೆಗೆ ಸೂಜಿಮದ್ದೂ ಇರುತ್ತದೆ. ನೋವಾಗುತ್ತದೆ, ತಡೆದುಕೋ. ಇನ್ನೇನೂ ಯೋಚಿಸಬೇಡ, ಉಳಿದದ್ದನ್ನು ನನಗೆ ಬಿಡು.

ನಿನ್ನವನು


ಮಾರ್ಚ್ 6

ರೀ,

ಹೊಸ ಔಷಧ ಶುರುವಾಗಿದೆ. ಊಟ ಕಂಡರೆ ವಾಕರಿಕೆ. ಸೂಜಿಯಿಂದ ಕೂರಲು ಆಗುವುದಿಲ್ಲ, ಮಲಗಲು ಆಗುವುದಿಲ್ಲ. ಹೊಲಿಗೆಯಕ್ಕ ಹಳೆಯ ಚಾದರ ಮಡಿಸಿ ಮೆತ್ತೆ ಹೊಲಿದುಕೊಟ್ಟಳು. "ಕೂಲಿ ಬೇಡ, ನಿಮ್ಮ ಗಂಡನಿಗೆ ಹೇಳಿ ನನ್ನ ಟ್ಯೂಬನ್ನ ಒಂಚೂರು ಪ್ರೀತಿಯಿಂದ ನೋಡ್ಕೊಳ್ಳೋಕೆ" ಎಂದಳು.

ಅವಳಿಗೂ ಹೊಸ ಔಷಧ ಕೊಡುವ ಮಾತು ನಡೆದಿತ್ತು. ಪರೀಕ್ಷೆಯ ಔಷಧವಾದ್ದರಿಂದ ಒಪ್ಪಿಗೆಗೆ ಸಹಿ ಬೇಕು. ಅವಳು ಹಿಂದೆ ಮುಂದೆ ನೋಡುತ್ತಿದ್ದಳು. "ನೀವೇನಂತೀರಿ?" ಎಂದು ನನ್ನನ್ನು ಕೇಳಿದಳು. ನನ್ನ ರೋಗಾಣು ಎಲ್ಲ ಔಷಧವನ್ನೂ ಜೀರ್ಣಿಸಿಕೊಂಡಿತು, ಇದೊಂದಕ್ಕೆ ಸತ್ತಿತು, ನನ್ನ ಗಂಡನೇ ಕಣ್ಣಾರೆ ನೋಡಿದ್ದಾರೆ ಎಂದೆ. "ನಿಮ್ಮ ಯಜಮಾನ್ರು ನೋಡಿದ್ದಾರೆ ಅಂದ್ರೆ ಮುಗೀತು" ಎಂದು ಸಹಿ ಹಾಕಿದಳು.

ಕಿವಿಯಲ್ಲಿ ಒಂದು ಸಿಳ್ಳೆ ಶುರುವಾಗಿದೆ. ಪಕ್ಕದ ಮನೆಯ ಕುಕ್ಕರು ನಿಲ್ಲದೆ ಕೂಗುತ್ತಿರುವ ಹಾಗೆ. ಮೊನ್ನೆ ಚೂಟಿ ಫೋನು ಮಾಡಿದಾಗ ಅವಳ ದನಿ ಕೇಳಿತು, ಮಾತು ತಿಳಿಯಲಿಲ್ಲ. ಸುಮ್ಮನೆ ಹೂಂ ಹೂಂ ಎನ್ನುತ್ತಾ ಹೋದೆ. ಏನು ಕೇಳಿದಳು ಎಂದು ಅವಳನ್ನೇ ವಿಚಾರಿಸಿ ಬರೆಯಿರಿ. ಸೂಜಿಯಿಂದಲೇ ಹೀಗೆ, ನಿಲ್ಲಿಸಬಹುದೇ ಎಂದು ವಾರ್ಡಿನ ಡಾಕ್ಟರಮ್ಮ ಯೋಚಿಸುತ್ತಿದ್ದಾರೆ. ಲ್ಯಾಬಿನವರು ಏನನ್ನುತ್ತಾರೋ ಅದರ ಮೇಲೆ ನಿರ್ಧಾರವಂತೆ. ನೀವೇನನ್ನುತ್ತೀರಿ?

ಇನ್ನೊಂದು ಮಾತು. ಕೊನೆಯ ಟ್ಯೂಬನ್ನು ಎಲ್ಲಿಂದ ತಂದಿರಿ ಎಂದು ಕೇಳಿದ್ದೆ, ನೀವು ಹಾಲು ಉಕ್ಕಿದ ಕಥೆ ಹೇಳಿದಿರಿ. ನಾನು ನಿಮ್ಮನ್ನು ಬಲ್ಲೆ. ಮನಸ್ಸಿನಲ್ಲಿ ಭಾರವಿದ್ದಾಗಲೇ ನೀವು ಇಷ್ಟೊಂದು ತಮಾಷೆ ಮಾಡುವುದು. ನನ್ನ ಸ್ಥಿತಿ ನಾವು ತಿಳಿದದ್ದಕ್ಕಿಂತ ಕೆಟ್ಟಿದೆಯೇ? ಇದ್ದರೆ ಹೇಳಿಬಿಡಿ. ನಾನು ಲ್ಯಾಬಿನವಳು, ಸಾವಿನ ಹೆಸರು ಕೇಳಿ ಮೂರ್ಛೆ ಹೋಗುವವಳಲ್ಲ. ಚೂಟಿಗೆ ಕೆಲವು ಮಾತು ಬರೆದಿಡುವುದಿದೆ, ಅಷ್ಟೇ.

ನಿಮ್ಮವಳು


ಎಪ್ರಿಲ್ 27

ಮೊಟ್ಟೆರಾಣಿಗೆ,

ಕಾಗದ ತಡವಾಯಿತು, ಸಿಟ್ಟಾಗಬೇಡ. ಮೊದಲಿಗೆ ಸಿಹಿಸುದ್ದಿ. ನಿನ್ನ ಗಂಡ ಈಗ ಹಿರಿಯ ತಂತ್ರಜ್ಞ! ನನಗೇ ಬೇರೆ ಕೋಣೆ, ಬಾಗಿಲಿಗೆ ಹಲಗೆ. ಚೂಟಿ ಬಂದು ಹಲಗೆಯನ್ನು ಕೂಡಿಸಿ ಓದಿದಳು, "ಹಿರಿಯ ಅಂದ್ರೆ ಮುದುಕ ಅಂತಾನಾ?" ಎಂದು ಕೇಳಿದಳು.

ಸಾಯುವ ಮಾತು ಯಾಕೆ? ಅಂಥದ್ದೇನೂ ಇಲ್ಲ, ನನ್ನಾಣೆ. ನೀನು ಬದುಕುತ್ತೀಯ, ಬರೆದಿಟ್ಟುಕೋ. ಹದಿನೈದು ದಿನದ ಕೆಳಗೆ ನಿನ್ನ ಎರಡನೆಯ ಕಫದ ಸಾಲನ್ನು ಓದಿದೆ. ಏನು ಜೋರು ಅದರದು! ಈ ತುದಿಯಿಂದ ಆ ತುದಿಯವರೆಗೆ ಒಂದು ಟ್ಯೂಬೂ ಬರಿದಾಗಿಲ್ಲ, ಗದ್ದೆಯಲ್ಲಿ ಪೈರು ನಿಂತ ಹಾಗೆ. ಆದರೂ ಪಕ್ಕದ ಸ್ಟ್ಯಾಂಡಿನ ಹೊಸ ಔಷಧದ ಟ್ಯೂಬು ಬರಿದೇ ಬರಿದು. ಔಷಧಕ್ಕೆ ಹಣ ಹಾಕುವವರು ಬಂದಿದ್ದರು, ಸಾಹೇಬರು ನನ್ನ ಕೈಯಿಂದಲೇ ತೋರಿಸಿದರು. ಬಂದವರು ಮೂಗಿನ ಮೇಲೆ ಬೆರಳಿಟ್ಟರು. ಇನ್ನೂ ಮೂರು ಆಸ್ಪತ್ರೆಗಳಿಗೆ ಔಷಧ ಹೋಗುತ್ತದೆ.

ಸೂಜಿ ನಿಲ್ಲಿಸುವುದು ಬೇಡವೆಂದು ಡಾಕ್ಟರಮ್ಮನಿಗೆ ಬರೆದಿದ್ದೇವೆ. ನಡುವೆ ನಿಲ್ಲಿಸಿದರೆ ಇಷ್ಟು ದಿನದ ಕಷ್ಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಸಿಳ್ಳೆ ತಾನಾಗಿಯೇ ಹೋಗುತ್ತದೆ.

ಚೂಟಿ ಫೋನಿನಲ್ಲಿ ಕೇಳಿದ್ದು: "ನೀನು ಇನ್ನು ಮನೆಗೆ ಬರೋದೇ ಇಲ್ವಾ?" ನೀನು ಹೂಂ ಎಂದೆಯಂತೆ. ಒಂದು ದಿನ ಊಟ ಬಿಟ್ಟಿದ್ದಳು. ಈಗ ಸರಿಯಾಗಿದ್ದಾಳೆ.

ನಿನ್ನವನು


ಮೇ 5

ರೀ,

ಚೂಟಿಗೆ ಒಂದು ಕಾಗದ ಬೇರೆ ಇಟ್ಟಿದ್ದೇನೆ, ದೊಡ್ಡ ಅಕ್ಷರದಲ್ಲಿ. ಅವಳ ಕೈಗೇ ಕೊಡಿ.

ಬಡ್ತಿಗೆ ಸಂತೋಷ. ನಿಜವಾಗಿಯೂ.

ನಿಮ್ಮ ಕಾಗದವನ್ನು ಹೊಲಿಗೆಯಕ್ಕನಿಗೆ ಓದಿ ಹೇಳುತ್ತಿದ್ದೆ. "ಈ ತುದಿಯಿಂದ ಆ ತುದಿಯವರೆಗೆ ಒಂದು ಟ್ಯೂಬೂ ಬರಿದಾಗಿಲ್ಲ" ಎನ್ನುವಲ್ಲಿ ನಾಲಿಗೆ ನಿಂತಿತು. ಆ ತುದಿಯಲ್ಲಿರುವುದು ಕೊನೆಯ ಟ್ಯೂಬಲ್ಲವೇ? ಕ್ಷಯವಾದರೆ ಅದು ಬರಿದಾಗಿರಲೇಬೇಕು. ಎಷ್ಟು ವರ್ಷ ನಾವಿಬ್ಬರೂ ಒಟ್ಟಿಗೆ ನಿಂತು ಸಾಲು ಓದಿದ್ದೇವೆ, ನೀವು ಔಷಧಗಳ ಫಲಿತಾಂಶ ಹೇಳಿ ಮುಗಿಸಿದ ಮೇಲೆ "ಕೊನೇದು ಬರಿದು" ಎಂದು ನಾನು ಹೇಳುವುದು, ನೀವು ಬರೆದುಕೊಳ್ಳುವುದು. ಆ ಒಂದು ಮಾತಿಲ್ಲದೆ ನೀವು ಒಂದು ಸಾಲನ್ನೂ ಮುಗಿಸಿದವರಲ್ಲ.

ಬರೆಯುವ ಭರದಲ್ಲಿ ಕೈ ತಪ್ಪಿದ್ದರೆ ಕೈ ತಪ್ಪಿತು ಎಂದು ಒಂದು ಗೆರೆ ಬರೆಯಿರಿ, ಸಾಕು. ನಾನು ನಿಮ್ಮನ್ನು ಅನುಮಾನಿಸುತ್ತಿಲ್ಲ. ಇಲ್ಲಿ ಮಲಗಿ ಮಲಗಿ ತಲೆಗೆ ಬೇರೆ ಕೆಲಸವಿಲ್ಲ, ಮೊಸರಿನಲ್ಲಿ ಕಲ್ಲು ಹುಡುಕುತ್ತಿದೆ ಎಂದುಕೊಳ್ಳಿ. ಆದರೂ ಬೇಗ ಬರೆಯಿರಿ.

ಎಡಗಿವಿಯಲ್ಲಿ ಸಿಳ್ಳೆ ನಿಂತಿದೆ. ಸಿಳ್ಳೆಯ ಜೊತೆಗೆ ಉಳಿದದ್ದೂ ನಿಂತಿದೆ.

ನಿಮ್ಮವಳು


ಮೇ 30

ಮೊಟ್ಟೆರಾಣಿಗೆ,

ಚೂಟಿಯ ಮುಂದಿನ ಹಲ್ಲು ಬಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದಾಳೆ, ನಿನಗೆ ತೋರಿಸಬೇಕಂತೆ. ನಿನ್ನ ಕಾಗದವನ್ನು ತಾನೇ ಓದಿದಳು, ಒತ್ತಕ್ಷರ ಬಂದಲ್ಲಿ ಮಾತ್ರ ನನ್ನ ಮುಖ ನೋಡಿದಳು.

ನೀನು ಸುಮ್ಮನೆ ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತೀಯ. ಮಾತಿನ ಓಘದಲ್ಲಿ ಬರೆದದ್ದನ್ನು ಹೀಗೆ ಅಕ್ಷರ ಹಿಡಿದು ಜಗ್ಗಿದರೆ ಯಾರು ಕಾಗದ ಬರೆಯಬೇಕು? ಸಾಲು ಎಂದರೆ ಸಾಲು, ಅಷ್ಟೇ. ಕೆಲವು ಟ್ಯೂಬುಗಳನ್ನು ಮತ್ತೆ ಹಾಕುವುದಿದೆ, ಲ್ಯಾಬಿನಲ್ಲಿ ಅದು ಯಾವಾಗಲೂ ಇದ್ದದ್ದೇ. ಟ್ಯೂಬಿಗೆ ಮೊಟ್ಟೆಯ ಮಾಧ್ಯಮ ಮಾಡುವ ಹೊಸ ಹುಡುಗಿಯ ಕೈ ಇನ್ನೂ ಪಳಗಿಲ್ಲ.

ಒಂದು ಮಾತು. ಲ್ಯಾಬಿನ ವಿಷಯ ಡಾಕ್ಟರಮ್ಮನ ಹತ್ತಿರ ಆಡಬೇಡ. ಅವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ, ಆಮೇಲೆ ಊರೆಲ್ಲ ಸುದ್ದಿ. ನಿನಗೇ ಗೊತ್ತಲ್ಲ.

ಸೂಜಿ ತಪ್ಪಿಸಬೇಡ.

ನಿನ್ನವನು


ಜೂನ್ 8

ನಿಮ್ಮ ಕಾಗದ ಬಂತು. ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆಗೆ ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ಡಾಕ್ಟರಮ್ಮನಿಗೆ ಹೇಳಬೇಡ ಎಂಬ ಮಾತಂತೂ ಬೇಡವೇ ಬೇಡವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಇವತ್ತು ಬೆಳಗ್ಗೆ ಕಫ ಕೊಟ್ಟಿದ್ದೇನೆ. ಡಾಕ್ಟರಮ್ಮ ಅದನ್ನು ಬೇರೆ ಲ್ಯಾಬಿಗೆ ಕಳಿಸಿದ್ದಾರೆ, ನಿಮ್ಮದಕ್ಕಲ್ಲ. ಔಷಧದ ಮಾತು ಆಮೇಲೆ, ಇದು ಕ್ಷಯವೇ ಅಥವಾ ದಾಯಾದಿಯೇ ಮೊದಲು ಹೇಳಿ ಎಂದು ಬರೆದಿದ್ದಾರೆ. ಸೂಜಿಯನ್ನು ಅವರೇ ನಿಲ್ಲಿಸಿದರು.

ಬೆನ್ನ ಹಿಂದೆ ಮಾಡುವುದು ನನಗೆ ಬಾರದ ಕೆಲಸ, ಅದಕ್ಕೇ ನಿಮಗೆ ತಿಳಿಸುತ್ತಿದ್ದೇನೆ. ನನ್ನ ಅನುಮಾನ ಸುಳ್ಳಾದರೆ ನಿಮ್ಮ ಕಾಲು ಹಿಡಿಯುತ್ತೇನೆ. ಸುಳ್ಳಾಗಲಿ.


ಜೂನ್ 15

ನೀನು ಹೀಗೆ ಮಾಡಬಾರದಿತ್ತು. ನನ್ನನ್ನು ಇನ್ನೊಂದು ಸಲ ಕೇಳಬಹುದಿತ್ತು.

ಸರಿ, ಕೇಳು. ಮೊದಲ ಸಾಲಿಗೆ ಕೊನೆಯ ಟ್ಯೂಬು ಹಾಕಿರಲಿಲ್ಲ. ಅದನ್ನು ಮಾಡುವವಳು ನೀನು, ನೀನು ಮಲಗಿದ್ದೆ, ದಾಸ್ತಾನು ಇರಲಿಲ್ಲ. ಕಾಯುವುದು ಬೇಡ ಎನಿಸಿತು. ಕ್ಷಯದ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಕೆಮ್ಮು, ಜ್ವರ, ತೂಕ ಇಳಿತ, ಇನ್ನೇನಿರುತ್ತದೆ? ಮನೆಯವಳು ಎಂದು ನಿನ್ನ ಸಾಲನ್ನು ಎಲ್ಲರಿಗಿಂತ ಮುಂದೆ ತಂದೆ. ನಿನಗೆ ಬೇಗ ಔಷಧ ಸಿಗಲಿ ಎಂದೇ ಅವಸರ ಮಾಡಿದ್ದು.

ನಿನ್ನ ಮೊದಲ ಕಾಗದ ನೋಡಿದ ಮೇಲೆ ನಾನೇ ಕೂತು ಆ ಮಾಧ್ಯಮ ಮಾಡಿ, ಉಳಿಸಿಟ್ಟಿದ್ದ ನಿನ್ನ ರೋಗಾಣುವನ್ನು ಹಚ್ಚಿದೆ. ಮಾರ್ಚ್‌ನಲ್ಲಿ ನೋಡಿದರೆ ತುಂಬು ಬೆಳೆ. ಕಲಬೆರಕೆ ಇರಬಹುದು ಎಂದುಕೊಂಡು ಎರಡನೆಯ ಕಫಕ್ಕೂ ಹಾಕಿದೆ. ಅದರಲ್ಲೂ ಬೆಳೆಯಿತು. ಸಾಹೇಬರಿಗೆ ಹೇಳಿದೆ. ಅವರು, "ಈಗ ಬೇಡ. ಹಣ ಹಾಕೋರು ಬಂದು ಹೋಗ್ಲಿ, ಆಮೇಲೆ ಇನ್ನೊಂದ್ಸಲ ಹಾಕಿ ನೋಡೋಣ" ಎಂದರು. ಆ ಒಂದು ಟ್ಯೂಬನ್ನು ತೆಗೆದಿಟ್ಟು ಉಳಿದದ್ದನ್ನು ತೋರಿಸಿದೆವು. ಮಾರನೆಯ ವಾರ ಬಡ್ತಿಯ ಆದೇಶ ಬಂತು. ಆಮೇಲೆ ಬಾಯಿ ತೆರೆಯಲು ಆಗಲಿಲ್ಲ. ದಿನ ಕಳೆದಷ್ಟೂ ಕಷ್ಟವಾಯಿತು.

ಔಷಧ ನಿನ್ನ ರೋಗಾಣುವನ್ನು ಕೊಲ್ಲುವುದಂತೂ ನಿಜ. ದಾಯಾದಿಯಾದರೇನು, ಸಾಯುವುದು ಸತ್ತರೆ ನೀನು ಗುಣವಾಗುತ್ತೀಯ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದುಕೊಂಡೆ. ನಿನಗೆ ಕೇಡು ಬಗೆಯಲಿಲ್ಲ.

ಆ ಕಫವನ್ನು ವಾಪಸು ತರಿಸಿ ಎಂದು ಡಾಕ್ಟರಮ್ಮನಿಗೆ ಹೇಳು. ನಾನೇ ಸರಿಯಾದ ಸಮಯ ನೋಡಿ ಎಲ್ಲವನ್ನೂ ಹೇಳುತ್ತೇನೆ. ನಮ್ಮ ಅನ್ನದ ಪ್ರಶ್ನೆ. ಚೂಟಿಯ ಮುಖ ನೋಡಿಯಾದರೂ ಈ ಒಂದು ಮಾತು ನಡೆಸಿಕೊಡು.


ಆಗಸ್ಟ್ 20

ಇಷ್ಟು ವರ್ಷ ಬಹುವಚನ ಕೊಟ್ಟೆ. ಇವತ್ತು ಬರುತ್ತಿಲ್ಲ.

ಬೇರೆ ಲ್ಯಾಬಿನ ಫಲಿತಾಂಶ ಬಂತು. ಜೂನಿನಲ್ಲಿ ಕೊಟ್ಟ ಕಫದಲ್ಲಿ ಇದ್ದದ್ದು ದಾಯಾದಿ ಮಾತ್ರ. ಕ್ಷಯವಿಲ್ಲ. ಡಾಕ್ಟರಮ್ಮ ಅದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು, ನನಗೆ ಈಗ ಬಲಗಿವಿಯೂ ಅಷ್ಟಕ್ಕಷ್ಟೇ.

ನೀನು ನನ್ನ ಸಾವನ್ನು ಮುಚ್ಚಿಡುತ್ತಿದ್ದೀಯ ಎಂದುಕೊಂಡಿದ್ದೆ. ನಾನು ನೊಂದುಕೊಳ್ಳಬಾರದೆಂದು ಒಬ್ಬನೇ ಅಳುತ್ತಿದ್ದೀಯ ಎಂದು ನಿನಗಾಗಿ ಮರುಗಿದ್ದೆ, ಪೆದ್ದಿ ನಾನು. ನೀನು ಮುಚ್ಚಿಟ್ಟದ್ದು ನನ್ನ ಬದುಕನ್ನು. ಮಾರ್ಚ್‌ನಲ್ಲೇ ನಿನಗೆ ಗೊತ್ತಿತ್ತು, ನಾನು ಯಾರಿಗೂ ಅಂಟಿಸುವವಳಲ್ಲ ಎಂದು. ನಾನು ಮನೆಯಲ್ಲಿರಬಹುದಿತ್ತು. ಚೂಟಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದಿತ್ತು. ಅವಳು ಫೋನಿನಲ್ಲಿ ಕೇಳಿದ್ದು ನನಗೆ ಕೇಳಿಸಬಹುದಿತ್ತು. ಕಿವಿ ಹೋಗುತ್ತಿದೆ ಎಂದು ನಾನು ಬರೆದೆ, ಸೂಜಿ ತಪ್ಪಿಸಬೇಡ ಎಂದು ನೀನು ಬರೆದೆ. ಆ ಗೆರೆಯ ಅಕ್ಷರ ನೋಡಿದೆ. ದುಂಡಗಿದೆ.

ಹೊಲಿಗೆಯಕ್ಕ ಹೋದ ವಾರ ತೀರಿಕೊಂಡಳು. ಅವಳದು ನಿಜವಾದ ಕ್ಷಯ. ನಿನ್ನ ಸಾಹೇಬರ ಔಷಧ ದಾಯಾದಿಯನ್ನು ಕೊಲ್ಲುತ್ತದೆ, ಕ್ಷಯದ ಮೈ ಕೂಡ ಮುಟ್ಟುವುದಿಲ್ಲ ಎನ್ನುವುದು ಈಗ ಗೊತ್ತಾಗಿದೆ. ಅವಳಿಗೆ ಹಿಡಿಯಬಹುದಾಗಿದ್ದ ಹಳೆಯ ಮಾತ್ರೆಗಳು ಎರಡಿದ್ದವಂತೆ, ಹೊಸದಿದೆಯಲ್ಲ ಎಂದು ಅವನ್ನು ನಿಲ್ಲಿಸಿದ್ದರು. ಸಹಿ ಹಾಕಿದವಳು ಅವಳು, ಹಾಕಿಸಿದವಳು ನಾನು, ನಿನ್ನ ಮಾತಿನ ಮೇಲೆ. ಕೊನೆಯ ದಿನಗಳಲ್ಲಿ ಅವಳು ಏನೋ ಹೇಳುತ್ತಿದ್ದಳು. ಕಿವಿಯನ್ನು ಅವಳ ಬಾಯಿಯ ಹತ್ತಿರವೇ ಇಟ್ಟೆ. ಒಂದಕ್ಷರವೂ ಕೇಳಲಿಲ್ಲ. ಬೈದಳೋ, ನೀರು ಕೇಳಿದಳೋ, ನನಗೆ ಯಾವತ್ತೂ ಗೊತ್ತಾಗುವುದಿಲ್ಲ.

ಸರಿಯಾದ ಸಮಯ ನೋಡಿ ಹೇಳುತ್ತೇನೆ ಎಂದಿದ್ದೆ. ಸಮಯ ಸಿಕ್ಕಿತೇ? ಡಾಕ್ಟರಮ್ಮ ಉಳಿದ ಮೂರು ಆಸ್ಪತ್ರೆಗಳಿಗೂ ಬರೆದಿದ್ದಾರೆ. ನಿನ್ನ ಜೂನ್ ತಿಂಗಳ ಕಾಗದವನ್ನು ನಾನೇ ಅವರ ಕೈಗೆ ಕೊಟ್ಟೆ.

ಅನ್ನದ ಪ್ರಶ್ನೆ ಎಂದೆಯಲ್ಲ. ನಾವಿಬ್ಬರೂ ದುಡಿಯುತ್ತಿದ್ದೆವು. ಬೇರೆ ಎಲ್ಲಾದರೂ ಸೇರಿ ಗಂಜಿ ಕುಡಿಯಬಹುದಿತ್ತು. ಒಂದು ಹಲಗೆಗೆ, ಒಂದು ಕೋಣೆಗೆ ನನ್ನನ್ನು ಮಾರಿದೆ. ನನ್ನನ್ನು ನಂಬಿಸಿ ಕತ್ತು ಕೊಯ್ದೆ.

ಬಿಡುಗಡೆಗೆ ಮುಂಚೆ ಇನ್ನೊಂದು ಕಫದ ಫಲಿತಾಂಶ ಬರಬೇಕು. ಅದು ನಿಯಮ. ಆಮೇಲೆ ನಾನು ಎಲ್ಲಿಗೆ ಹೋಗುವುದು ಎನ್ನುವುದನ್ನು ನಾನು ಯೋಚಿಸುತ್ತೇನೆ.


ಸೆಪ್ಟೆಂಬರ್ 25

ನಿನ್ನ ಕಾಗದ ಬಂದ ಮೇಲೆ ಸಾಕಷ್ಟು ದಿನ ಬರೆಯುವ ಧೈರ್ಯ ಆಗಲಿಲ್ಲ.

ವಿಚಾರಣೆಯಲ್ಲಿ ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಸಾಹೇಬರು ನನ್ನ ಮೇಲೆ ಹಾಕಿದರು, ನಾನು ಅವರ ಮೇಲೆ ಹಾಕಿದೆ, ಇಬ್ಬರನ್ನೂ ಮನೆಗೆ ಕಳಿಸಿದ್ದಾರೆ. ಔಷಧವನ್ನು ಎಲ್ಲ ಕಡೆಯಿಂದ ವಾಪಸು ತರಿಸಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀನು ಹೇಳುವ ಮೊದಲು ನಾನೇ ಹೇಳಿಕೊಳ್ಳುತ್ತಿದ್ದೇನೆ.

ಕ್ಷಮಿಸು ಎನ್ನುವುದಿಲ್ಲ. ಮನೆಗೆ ಬಾ ಎನ್ನುತ್ತೇನೆ. ನನ್ನ ಜೊತೆ ಮಾತಾಡಬೇಡ, ನಾನು ಬೇರೆ ಕೋಣೆಯಲ್ಲಿರುತ್ತೇನೆ, ಬೇಕೆಂದರೆ ಬೇರೆ ಮನೆಯಲ್ಲೇ ಇರುತ್ತೇನೆ. ಚೂಟಿಗಾಗಿ ಬಾ. ಅಮ್ಮನ ಕಾಯಿಲೆ ಯಾರಿಗೂ ಅಂಟುವುದಿಲ್ಲವಂತೆ ಎಂದು ಹೇಳಿದ್ದೇನೆ. ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಅವಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಡ ಎನ್ನಬೇಡ.


ಅಕ್ಟೋಬರ್ 6

ಭಾನುವಾರ ಬಸ್ ಹತ್ತಬೇಡ.

ಬಿಡುಗಡೆಗೆ ಮುಂಚಿನ ಕಫದ ಫಲಿತಾಂಶ ನಿನ್ನೆ ಬಂತು. ತಿಂಗಳಿಂದ ಸಂಜೆಯ ಹೊತ್ತಿಗೆ ಜ್ವರ ಬರುತ್ತಿತ್ತು, ಸೊಳ್ಳೆಯ ಕಾಟ ಎಂದುಕೊಂಡು ಸುಮ್ಮನಿದ್ದೆ. ಈ ಸಲ ದಾಯಾದಿಯ ಜೊತೆಗೆ ಇನ್ನೊಂದಿದೆ. ಅದು ಕ್ಷಯ. ಯಾವ ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂದು ನೋಡಿದರು. ಹೊಲಿಗೆಯಕ್ಕನದು ಯಾವುದಕ್ಕೆ ಬಗ್ಗುತ್ತಿರಲಿಲ್ಲವೋ ಅದಕ್ಕೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವಳ ಪಕ್ಕದ ಮಂಚದಲ್ಲಿ ನಾನು ಅಷ್ಟು ತಿಂಗಳು ಮಲಗಿದ್ದೆ. ಅವಳಿಗೆ ಕೆಮ್ಮು ಜೋರಾದಾಗ ಎದ್ದು ಬೆನ್ನು ನೀವುತ್ತಿದ್ದೆ. ಇಬ್ಬರಿಗೂ ಒಂದೇ ರೋಗವಲ್ಲವೇ, ಇನ್ನೇನು ಭಯ ಎಂದು ಬಾಯಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳುತ್ತಿರಲಿಲ್ಲ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ನನಗೆ ಮೆತ್ತೆ ಹೊಲಿದುಕೊಟ್ಟವಳು.

ನನ್ನನ್ನು ಇಲ್ಲಿಗೆ ಕಳಿಸುವಾಗ ನೀನು ನನ್ನ ಬಗ್ಗೆ ಬರೆದುಕೊಟ್ಟ ಫಲಿತಾಂಶ ಆಗ ಸುಳ್ಳಾಗಿತ್ತು. ಈಗ ನಿಜವಾಗಿದೆ. ನೀನೇ ನಿಜ ಮಾಡಿದೆ. ಬರಬಹುದಾಗಿದ್ದಾಗ ಬರಲು ಬಿಡಲಿಲ್ಲ, ಈಗ ಬಾ ಎಂದು ಕರೆಯುತ್ತಿದ್ದೀಯ, ಬರಲಾರೆ. ಹೊಲಿಗೆಯಕ್ಕನಿಗೆ ನಿಲ್ಲಿಸಿದ್ದ ಆ ಎರಡು ಹಳೆಯ ಮಾತ್ರೆಗಳಿಂದ ಡಾಕ್ಟರಮ್ಮ ಮತ್ತೆ ಶುರುಮಾಡಿದ್ದಾರೆ. ಎರಡು ವರ್ಷ ಎನ್ನುತ್ತಾರೆ. ಬದುಕುವೆನೇ ಎಂದು ಕೇಳಿದೆ. ಏನೋ ಹೇಳಿದರು, ಬರೆದು ತೋರಿಸಲಿಲ್ಲ.

ಚೂಟಿ ಈಗ ತಾನೇ ಓದುತ್ತಾಳೆ. ಅವಳ ಹೆಸರಿಗೆ ಬೇರೆ ಕಾಗದ ಹಾಕಿದ್ದೇನೆ, ನಿನ್ನ ತಂಗಿಯ ವಿಳಾಸಕ್ಕೆ. ಅಮ್ಮನ ಕಾಯಿಲೆ ಈಗ ಅಂಟುತ್ತದೆ, ಆದ್ದರಿಂದ ಬರಬೇಡ ಎಂದು ಬರೆದಿದ್ದೇನೆ. ಯಾಕೆ ಎಂದು ಅವಳು ನಿನ್ನನ್ನು ಕೇಳುತ್ತಾಳೆ. ಅದನ್ನು ನಾನು ಬರೆದಿಲ್ಲ. ನೀನು ಹೇಳು.